ಇವರು ಸಿಗಡಿ ಪರೀಕ್ಷೆಗೆ ಕೂತದ್ದು

ನನ್ನ ಗಂಡನ ಹೆಸರು ಯಜ್ಞನಾರಾಯಣ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡು ಒಂದು ಸಲ ಬರೆದಿದ್ದೇನೆ. ಇನ್ನು ಮುಂದೆ ‘ಇವರು’ ಎಂದರೆ ನನ್ನ ಗಂಡ ಎಂದು ತಿಳಿದುಕೊಂಡರೆ ಸಾಕು.

ಇವರದ್ದು ಕುಂಬಳೆಯ ಹತ್ತಿರದ ಮನೆ, ನನ್ನದು ಕಾಸರಗೋಡಿನ ಪೇಟೆ. ಎರಡೂ ಮನೆಗಳಲ್ಲಿ ಮೀನು ಮುಟ್ಟುವವರಿಲ್ಲ. ಮೀನಿನ ಬುಟ್ಟಿ ಹೊತ್ತವರು ನಮ್ಮ ಗೇಟಿನ ಮುಂದೆ ಬಂದಾಗ ಸುಮ್ಮನೆ ದಾಟಿ ಹೋಗುತ್ತಿದ್ದರು. ಅಂಥ ಮನೆಯ ಹಿರಿಮಗ ಕೊಚ್ಚಿಗೆ ಬಂದು ಕೆಲಸ ಮಾಡಿದ್ದು ಎಲ್ಲಿ ಅಂದರೆ, ಸಿಗಡಿಯ ಆಫೀಸಿನಲ್ಲಿ. ಊರಿನವರು ಎಂತ ಕೆಲಸ ಎಂದು ಕೇಳಿದರೆ ಇವರು ‘ಸೆಂಟ್ರಲ್ ಗವರ್ನಮೆಂಟ್’ ಎಂದು ಹೇಳಿ ಅಲ್ಲಿಗೆ ಮಾತು ನಿಲ್ಲಿಸುತ್ತಿದ್ದರು.

ಸಿಗಡಿಯ ಆಫೀಸು ಎಂದು ನಾನು ಹೇಳುವುದು ತಮಾಷೆಗೆ. ಹಡಗು ಹತ್ತಿ ಪರದೇಶಕ್ಕೆ ಹೋಗುವ ಸಿಗಡಿ ತಾಜಾ ಇದೆಯೋ ಇಲ್ಲವೋ ಎಂದು ನೋಡಿ ಸರ್ಟಿಫಿಕೇಟು ಕೊಡುವ ಸರಕಾರಿ ಕಚೇರಿ ಅದು. ಆ ವರ್ಷಗಳಲ್ಲಿ ಕೊಚ್ಚಿಯಲ್ಲಿ ಎಲ್ಲಿ ನೋಡಿದರೂ ಸಿಗಡಿಯದ್ದೇ ಸುದ್ದಿ. ಸಿಗಡಿ ಸುಲಿಯುವ ಶೆಡ್ಡುಗಳು, ಐಸು ಹೊತ್ತು ದಾರಿಯುದ್ದಕ್ಕೂ ನೀರು ಸುರಿಸುತ್ತಾ ಓಡುವ ಲಾರಿಗಳು, ನಿನ್ನೆಯವರೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇವತ್ತು ಅಂಬಾಸಿಡರ್ ಕಾರಿನಲ್ಲಿ. ಇವರು ಆ ಕಚೇರಿಯಲ್ಲಿ ಗುಮಾಸ್ತರು. ‘ಬಣ್ಣ ಸರಿಯಿದೆ, ವಾಸನೆ ಸರಿಯಿದೆ, ರುಚಿ ಸರಿಯಿದೆ’ ಎಂದು ಬೆಳಗಿನಿಂದ ಸಂಜೆಯವರೆಗೆ ಟೈಪು ಮಾಡುವುದು ಇವರ ಕೆಲಸ. ಕಣ್ಣಿನಲ್ಲಿ ನೋಡದ, ಮೂಗಿಗೆ ಹಿಡಿಯದ ಸಿಗಡಿಗೆ ಇಷ್ಟು ಧೈರ್ಯವಾಗಿ ಸರ್ಟಿಫಿಕೇಟು ಬರೆದವರು ಕೊಚ್ಚಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಅರವತ್ತೆಂಟರ ಮಳೆಗಾಲದ ಆರಂಭ. ಪಾಲಾರಿವಟ್ಟಂನ ನಮ್ಮ ಬಾಡಿಗೆ ಮನೆಯ ಜಗಲಿಯ ಚಿಟ್ಟೆಯಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಾ ಇವರು, ನಾನು ಪುನಃ ಓದುವ ಅಂತ ಉಂಟು, ಎಂದರು. ನನಗೆ ಸಂತೋಷವಾಯಿತು. ಎಂತ ಓದುವುದು ಎಂದು ಕೇಳಿದೆ. ಇವರು ಒಳಗೆ ಹೊರಗೆ ನೋಡಿ, ಸ್ವರ ತಗ್ಗಿಸಿ, “ಸಿಗಡಿ” ಎಂದರು.

ವಿಷಯ ಇಷ್ಟು. ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನ ಓದಿದ ಗುಮಾಸ್ತರು ಒಂದು ವರ್ಷ ಸಂಜೆ ತರಗತಿಗೆ ಹೋಗಿ ಪಾಸಾದರೆ ಅವರನ್ನು ತಪಾಸಣೆಯ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಮುಂದೆ ಇನ್‌ಸ್ಪೆಕ್ಟರೂ ಆಗಬಹುದು ಎಂದು ಕಚೇರಿಯಲ್ಲಿ ಹೇಳಿದ್ದರಂತೆ. ಆದರೆ ನಲವತ್ತು ತುಂಬಿದವರಿಗೆ ಅವಕಾಶವಿಲ್ಲ. ಇವರಿಗೆ ಆಗ ಮೂವತ್ತೆಂಟು. ಇದು ಬಿಟ್ಟರೆ ಪಿಂಚಣಿಯವರೆಗೂ ಅದೇ ಟೈಪ್‌ರೈಟರು, ಅದೇ ಕುರ್ಚಿ.

ಸಂಬಳದ ಆಸೆಯಿಂದ ಇವರು ಹೊರಟದ್ದು ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಇವರ ಅಪ್ಪ ಕಾಸರಗೋಡಿನ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದವರು. ಮಗ ಬಿ.ಎಸ್ಸಿ. ಮಾಡಬೇಕು, ತನ್ನ ಹಾಗೆ ಇನ್ನೊಬ್ಬರ ಮಾತು ಬರೆದುಕೊಂಡು ಕೂರಬಾರದು ಎಂದು ಅವರಿಗೆ ಒಂದೇ ಹಟ. ಇವರು ಮಂಗಳೂರಿನಲ್ಲಿ ಇಂಟರ್ ಪರೀಕ್ಷೆ ಬರೆದು ಊರಿಗೆ ಬಂದರು. ಫಲಿತಾಂಶ ಬರುವ ಒಂದು ವಾರ ಮೊದಲೇ, ವೈಶಾಖ ಮಾಸದಲ್ಲಿ, ಮಾವನವರು ತೀರಿಕೊಂಡರು. ಮಗ ಪಾಸಾದ ಸುದ್ದಿ ಅವರಿಗೆ ತಲುಪಲೇ ಇಲ್ಲ. ಬಿ.ಎಸ್ಸಿ. ಅಲ್ಲಿಗೆ ಬಿಟ್ಟುಹೋಯಿತು, ಇವರೂ ಇನ್ನೊಬ್ಬರ ಮಾತು ಟೈಪು ಮಾಡುವ ಕೆಲಸಕ್ಕೇ ಸೇರಿದರು. ಇದನ್ನು ಇವರು ನನಗೆ ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ದಾರೆ. ಎರಡನೆಯ ಸಲ ಹೇಳಿಲ್ಲ, ನಾನು ಕೇಳಲೂ ಇಲ್ಲ.

ಹಾಗಾಗಿ ನಾನು ಹೂಂ ಎಂದೆ. ಆದರೆ ನನ್ನ ಕಾನೂನುಗಳನ್ನೂ ಹೇಳಿದೆ. ಸಿಗಡಿ ಮುಟ್ಟಿ ಬಂದ ದಿನ ಹಿತ್ತಿಲ ಬಾಗಿಲಿನಿಂದಲೇ ಬರಬೇಕು. ಬಾವಿಕಟ್ಟೆಯಲ್ಲಿ ಸ್ನಾನ. ಬಟ್ಟೆ ಹೊರಗಿನ ಬಕೆಟ್ಟಿಗೆ. ಅಡುಗೆಮನೆಗೆ ಬಂದು ಸಿಗಡಿಯ ವಿಷಯ ಮಾತಾಡಬಾರದು. ಇವರು ಎಲ್ಲದಕ್ಕೂ ತಲೆಯಾಡಿಸಿದರು. ಹೊಸದಾಗಿ ಕಾಲೇಜಿಗೆ ಸೇರುವ ಹುಡುಗನ ಮುಖ ಹೇಗಿರುತ್ತದೋ ಹಾಗಿತ್ತು ಇವರ ಮುಖ.

ಕಚೇರಿ ಬಿಟ್ಟ ಮೇಲೆ ಬೋಟು ಹಿಡಿದು ಬಂದರು ಇರುವ ಐಲೆಂಡಿಗೆ ಹೋಗಿ ಸಂಜೆ ತರಗತಿ. ಪಾಠ ಮಾಡುವವರು ಪೌಲೋಸ್ ಮಾಷ್ ಎಂಬ ದಪ್ಪ ಮೀಸೆಯ ಆಳು, ಮೀನಿನ ವಿಜ್ಞಾನ ಓದಿದವರು. ಮೊದಲ ಮೂರು ತಿಂಗಳು ಪುಸ್ತಕದ ಪಾಠ. ಅದರಲ್ಲಿ ಇವರೇ ಮುಂದು. ಮನೆಯಲ್ಲಿ ನಮ್ಮ ಮಗಳು ರತ್ನ ಮೇಜಿನ ಒಂದು ಬದಿಯಲ್ಲಿ ಮಗ್ಗಿ, ಅಪ್ಪ ಇನ್ನೊಂದು ಬದಿಯಲ್ಲಿ ಬ್ಯಾಕ್ಟೀರಿಯಾ. ಅವಳಿಗೆ ಆಗ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲಿ. ಅಪ್ಪನಿಂದ ಪಾಠ ಒಪ್ಪಿಸಿಕೊಳ್ಳುವ ಕೆಲಸ ಅವಳದ್ದು. ತಪ್ಪಿದರೆ ತನ್ನ ಟೀಚರು ಅವಳಿಗೆ ಮಾಡುತ್ತಿದ್ದ ಹಾಗೆಯೇ ಅವಳು ಸ್ಕೇಲಿನಿಂದ ಮೇಜಿಗೆ ಹೊಡೆಯುತ್ತಿದ್ದಳು.

ಓಣಂ ಕಳೆದು ಪ್ರಾಯೋಗಿಕ ತರಗತಿ ಶುರುವಾಯಿತು. ಮಾಷ್ ಮೇಜಿನ ಮೇಲೆ ಹತ್ತು ತಟ್ಟೆ ಸಿಗಡಿ ಇಡಿಸಿದರಂತೆ. ಕೆಲವು ಆಗಷ್ಟೇ ಹಿಡಿದು ತಂದದ್ದು, ಕೆಲವು ಐಸಿನಲ್ಲಿ ದಿನ ಕಳೆದದ್ದು, ಕೆಲವು ಪೂರಾ ಕೆಟ್ಟದ್ದು. ನೋಡಿ, ಮೂಸಿ, ಯಾವುದು ಯಾವ ದರ್ಜೆ ಎಂದು ಬರೆಯಬೇಕು. ಇವರು ಒಂದೊಂದನ್ನೂ ಶ್ರದ್ಧೆಯಿಂದ ಮೂಸಿ, ಕಣ್ಣೀರು ಒರೆಸಿಕೊಂಡು, ಹತ್ತಕ್ಕೆ ಹತ್ತನ್ನೂ ಕೆಟ್ಟಿದೆ ಎಂದು ಬರೆದರು.

ಪೌಲೋಸ್ ಮಾಷ್ ಅದನ್ನು ಓದಿ ಸ್ವಲ್ಪ ಹೊತ್ತು ಮೀಸೆ ತಿರುವಿದರಂತೆ. ಆಮೇಲೆ, ಈ ಮನುಷ್ಯನನ್ನು ಇನ್‌ಸ್ಪೆಕ್ಟರ್ ಮಾಡಿದರೆ ಕೊಚ್ಚಿಯಿಂದ ಒಂದು ಹಡಗೂ ಹೊರಡುವುದಿಲ್ಲ, ಬಂದರಿಗೆ ಬೀಗ ಹಾಕಿ ಕೀಲಿಕೈಯನ್ನು ಇವರ ಕೈಯಲ್ಲೇ ಕೊಡುವುದು ಒಳ್ಳೆಯದು ಎಂದರಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ಇವರೇ ಅದನ್ನು ಅಭಿನಯಿಸಿ ತೋರಿಸಿದಾಗ ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಇವರು, “ನಗ್ಲಿಕ್ಕೆ ಅಡ್ಡಿ ಇಲ್ಲ. ಆದರೆ ನನಗೆ ಎಲ್ಲ ಒಂದೇ ನಾತ ಅಲ್ವಾ ಮಾರಾಯ್ತಿ, ಎಂತ ಮಾಡುದು?” ಎಂದರು.

ಅದಕ್ಕಿಂತ ದೊಡ್ಡ ಇಕ್ಕಟ್ಟು ಇನ್ನೊಂದಿತ್ತು. ಹಸಿ ಸಿಗಡಿ ಮೂಸಿದರೆ ಮುಗಿಯಲಿಲ್ಲ. ಬೇಯಿಸಿದ್ದನ್ನು ಬಾಯಿಗೆ ಹಾಕಿ ರುಚಿ ನೋಡಿ ಬರೆಯಬೇಕು. ನುಂಗಬೇಕಾಗಿಲ್ಲ, ಉಗುಳಲು ಪಕ್ಕದಲ್ಲೇ ಬೋಗುಣಿ ಇಟ್ಟಿರುತ್ತಾರೆ. ಐಲೆಂಡಿನ ಚಹದ ಹರಾಜಿನಲ್ಲಿ ಚಹ ರುಚಿ ನೋಡುವವರು ಸಾಲು ಸಾಲು ಕಪ್ಪುಗಳನ್ನು ಹೀರಿ ಉಗುಳುತ್ತಾರೆ, ಅವರಲ್ಲಿ ಯಾರಾದರೂ ಹೊಟ್ಟೆ ತುಂಬ ಚಹ ಕುಡಿದು ಮನೆಗೆ ಹೋದದ್ದುಂಟೇ ಎಂದು ಮಾಷ್ ಸಮಾಧಾನ ಹೇಳಿದರು. ಇವರು ಆಗಲಿ ಎಂದರು. ಬಾಯಿಗೆ ಮಾತ್ರ ಹಾಕಲಿಲ್ಲ.

ಅರವತ್ತೊಂಬತ್ತರ ಮಾರ್ಚಿನಲ್ಲಿ ತಿರುವನಂತಪುರದಲ್ಲಿ ಪರೀಕ್ಷೆ. ಬರಹದ ಪರೀಕ್ಷೆಯಲ್ಲಿ ಇವರಿಗೆ ಒಳ್ಳೆಯ ಅಂಕ. ಪ್ರಾಯೋಗಿಕದಲ್ಲಿ ಹಸಿಯದ್ದೆಲ್ಲ ಎಂದಿನಂತೆ ಕೆಟ್ಟದ್ದು ಎಂದು ಬರೆದು, ರುಚಿಯ ಜಾಗವನ್ನು ಖಾಲಿ ಬಿಟ್ಟು ಬಂದರು. ಫೇಲು. ಇವರ ಜೊತೆ ಹೋದ ಶ್ರೀಪತಿ ಎಂಬ ಮೈಸೂರು ಕಡೆಯ ಹುಡುಗ, ರಜೆ ಅರ್ಜಿ ಬರೆಯುವುದನ್ನೂ ಇವರ ಹತ್ತಿರ ಕಲಿತವನು, ಪಾಸಾಗಿ ಬಂದು ಸಂಕೋಚದಿಂದ ಮೈಸೂರು ಪಾಕಿನ ಪೊಟ್ಟಣ ಕೊಟ್ಟು ಹೋದ. ರತ್ನ ಬೇಲಿಯ ಹತ್ತಿರ ನಿಂತು ‘ಅಚ್ಛನ್ ತೋಟ್ಟು’ ಎಂದು ಇಡೀ ಬೀದಿಗೆ ಸಾರಿದಳು. ಅಪ್ಪ ಫೇಲಾದರು ಎನ್ನುವುದು ಅವಳಿಗೆ ಅಷ್ಟು ಸಂಭ್ರಮದ ಸುದ್ದಿ, ಯಾಕೆಂದರೆ ಆ ವರ್ಷ ಅವಳು ಪಾಸಾಗಿದ್ದಳು.

ಮೇ ತಿಂಗಳಲ್ಲಿ ಮಾವನವರ ತಿಥಿ ಬಂತು. ಪುರೋಹಿತರು ಬಂದು ಎಲ್ಲ ಕ್ರಮದಂತೆ ನಡೆಯಿತು. ಕೊನೆಗೆ ಕಾಗೆಗೆ ಎಡೆ ಇಡಬೇಕು. ಪಕ್ಕದ ಮನೆಗೂ ನಮಗೂ ನಡುವಿನ ತಗ್ಗು ಗೋಡೆಯ ಮೇಲೆ ಇವರು ಎಲೆ ಇಟ್ಟು ಕೈಮುಗಿದು ನಿಂತರು. ಕಾಗೆ ಬರಲಿಲ್ಲ. ಕಾ ಕಾ ಎಂದು ಕರೆದರು. ತೆಂಗಿನ ಗರಿಯಲ್ಲಿ ಕೂತ ಒಂದು ಕಾಗೆ ಕತ್ತು ಓರೆ ಮಾಡಿ ನೋಡಿ ಹಾರಿಹೋಯಿತು. ಬಿಸಿಲು ಏರಿತು. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಪುರೋಹಿತರು ಬೀಸಣಿಗೆ ಬೀಸಿಕೊಳ್ಳುತ್ತಾ ಆಕಾಶ ನೋಡುತ್ತಿದ್ದರು. ಅಂತೂ ಯಾವುದೋ ಒಂದು ಕಾಗೆ ಬಂದು ಬೇಕೋ ಬೇಡವೋ ಎಂಬಂತೆ ಒಂದು ತುತ್ತು ಕುಕ್ಕಿತು. ಆ ದಿನ ಇವರು ಸರಿಯಾಗಿ ಉಣ್ಣಲಿಲ್ಲ. ಸಿಗಡಿ ಮುಟ್ಟಿದ ಕೈ ಎಂದು ಅಪ್ಪನಿಗೆ ಬೇಸರ ಆಗಿದೆ, ಮುಟ್ಟಿಯೂ ಫೇಲಾದೆ ಎಂದು ಇನ್ನೂ ಬೇಸರ ಆಗಿದೆ ಎಂದರು. ನನಗೆ ಕಾಗೆಯ ಮೇಲೆ ಸಿಟ್ಟು ಬಂತು. ಮನುಷ್ಯ ವರ್ಷವಿಡೀ ಬೋಟು ಹತ್ತಿ ಇಳಿದು ಓದಿದ್ದಾನೆ, ಕಾಗೆಗೆ ಸ್ವಲ್ಪ ಬೇಗ ಬಂದರೆ ಏನಾಗುತ್ತಿತ್ತು?

ಇನ್ನೊಂದೇ ಅವಕಾಶ ಉಳಿದಿತ್ತು. ಮುಂದಿನ ಮಾರ್ಚ್ ಕಳೆದರೆ ಇವರಿಗೆ ನಲವತ್ತು. ಇವರು ಬಿಟ್ಟುಬಿಡುವ ಅಂದಾಜಿನಲ್ಲಿದ್ದರು. ನಾನು ಬಿಡಲಿಲ್ಲ.

ನಮ್ಮ ಅಡುಗೆಮನೆಯ ಒಂದು ಕ್ರಮ ಹೇಳಬೇಕು. ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯನ್ನು ನಾಲಗೆಗೆ ತಾಗಿಸುವ ಹಾಗಿಲ್ಲ, ತಾಗಿಸಿದರೆ ಎಂಜಲು. ಹುಳಿಗೆ ಉಪ್ಪು ಸಾಕೋ ಬೇಕೋ ಎಂದು ನನ್ನ ಅಮ್ಮ ಕುದಿಯುವ ಆವಿಗೆ ಮುಖ ಹಿಡಿದು ಹೇಳುತ್ತಿದ್ದಳು. ನಾನೂ ಹಾಗೆಯೇ ಕಲಿತದ್ದು. ಮೊದಲ ವರ್ಷ ನೂರು ಸಲ ತಪ್ಪಿದೆ, ಅಮ್ಮನ ಬೈಗಳು ತಿಂದೆ, ಆಮೇಲೆ ಮೂಗು ತಾನಾಗಿ ತಿಳಿದುಕೊಂಡಿತು. ಮೂಗಿಗೂ ಶಾಲೆ ಉಂಟು, ಅದಕ್ಕೆ ವಯಸ್ಸಿನ ಲೆಕ್ಕ ಇಲ್ಲ. ಇವರ ತೊಂದರೆ ಎಲ್ಲಿ ಎಂದು ನನಗೆ ಆಗ ಹೊಳೆಯಿತು. ಕಾಯಿಸಿದ ಹೊಸ ಹಾಲಿನ ಪರಿಮಳ ಗೊತ್ತಿಲ್ಲದವನಿಗೆ ಒಡೆದ ಹಾಲು ಯಾವುದು ಎಂದು ಹೇಗೆ ತಿಳಿಯಬೇಕು? ಇವರಿಗೆ ತಾಜಾ ಸಿಗಡಿ ಎಂದರೆ ಏನೆಂದೇ ಗೊತ್ತಿಲ್ಲ.

ಮೊದಲು ನನ್ನ ಅಡುಗೆಮನೆಯಲ್ಲೇ ಪಾಠ. ಇವರ ಕಣ್ಣಿಗೆ ಬೈರಾಸು ಕಟ್ಟಿ ಕೂರಿಸಿದೆ. ಇವತ್ತಿನ ಮಜ್ಜಿಗೆ, ನಿನ್ನೆಯ ಮಜ್ಜಿಗೆ, ಮೊನ್ನೆಯದ್ದು. ಹೊಸ ತೆಂಗಿನೆಣ್ಣೆ, ಕಮಟು ಹಿಡಿದ ತೆಂಗಿನೆಣ್ಣೆ. ಉಬ್ಬಿದ ದೋಸೆಹಿಟ್ಟು, ಉಬ್ಬಿ ಹುಳಿ ಹೆಚ್ಚಾದದ್ದು. ರತ್ನ ಒಂದೊಂದು ಬಟ್ಟಲು ತಂದು ಮೂಗಿನ ಕೆಳಗೆ ಹಿಡಿದು ಅಂಕ ಹಾಕುತ್ತಿದ್ದಳು. ಒಂದು ಸಲ ಬಟ್ಟಲಿನ ಬದಲು ತನ್ನ ಶಾಲೆಯ ಕಾಲುಚೀಲ ಹಿಡಿದಳು. ಇವರು ಗಂಭೀರವಾಗಿ ಮೂಸಿ, ಮೊನ್ನೆಯ ಮಜ್ಜಿಗೆ ಎಂದರು. ಅದಕ್ಕೂ ಅವಳು ಅರ್ಧ ಅಂಕ ಕೊಟ್ಟಳು.

ಅಡುಗೆಮನೆಯ ಪಾಠ ಮುಗಿದ ಮೇಲೆ ಪಕ್ಕದ ಮನೆಯ ತ್ರೇಸ್ಯಾ ಚೇಚಿಯನ್ನು ಕೇಳಿಕೊಂಡೆ. ಚೇಚಿ ಎಂದರೆ ಅಲ್ಲಿ ಅಕ್ಕ. ಅರವತ್ತರ ಹತ್ತಿರದ, ಬಿಳಿ ಚಟ್ಟೆ ಮುಂಡು ಉಟ್ಟ, ದೊಡ್ಡ ಗಂಟಲಿನ ಹೆಂಗಸು. ಸಿರಿಯನ್ ಕ್ರಿಸ್ತಾನರ ಮನೆ, ಮೀನಿಲ್ಲದೆ ಅವರಿಗೆ ದಿನ ಸಾಗದು. ಒಬ್ಬ ಬ್ರಾಹ್ಮಣನಿಗೆ ಸಿಗಡಿ ಕಲಿಸುವುದು ಎಂದರೆ ಆಕೆಗೆ ಎಲ್ಲಿಲ್ಲದ ಹುರುಪು. ಪ್ರತಿ ಭಾನುವಾರ ಬೆಳಿಗ್ಗೆ ಮಾರುಕಟ್ಟೆಯಿಂದ ತಂದದ್ದನ್ನು ಬಾಳೆಲೆಯಲ್ಲಿ ಆ ತಗ್ಗು ಗೋಡೆಯ ಮೇಲೆ ಹರಡುತ್ತಿದ್ದಳು. ಗೋಡೆಯ ಈಚೆ ಇವರು. ಹಲಸಿನ ಮರದ ಕೆಳಗೆ, ಸೆರಗು ಮೂಗಿಗೆ ಒತ್ತಿಕೊಂಡು ನಾನು. ಚೇಚಿ ಹೇಳಿದ ಮೊದಲ ಮಾತೇ ಇವರ ಕಣ್ಣು ತೆರೆಸಿತು. ತಾಜಾ ಸಿಗಡಿಗೆ ಮೀನಿನ ವಾಸನೆ ಇರುವುದಿಲ್ಲ, ಸಮುದ್ರದ ವಾಸನೆ ಇರುತ್ತದೆ. ಮೀನು ನಾರಿತು ಎಂದರೆ ಆಗಲೇ ತಡವಾಯಿತು ಎಂದು ಲೆಕ್ಕ. ಇವರು ಬಗ್ಗಿ ಮೂಸಿದರು. ಮೊದಲ ಸಲ ಕಣ್ಣೀರು ಬರಲಿಲ್ಲ. ಕುಂಬಳೆಯ ಕಡಲಕರೆಯಲ್ಲಿ ಬೆಳಿಗ್ಗೆ ನಿಂತ ಹಾಗೆ ಆಗ್ತದೆ ಎಂದರು. ಹಾಗೆ ಹೇಳುವಾಗ ಇವರ ಸ್ವರದಲ್ಲಿದ್ದ ಬೆರಗು ನನಗೆ ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ಇವರನ್ನು ಹಿಡಿಯುವವರಿರಲಿಲ್ಲ. ತಲೆಯ ಹತ್ತಿರದ ಕಪ್ಪು ಚುಕ್ಕೆ, ಬೆರಳಿನಲ್ಲಿ ಒತ್ತಿದರೆ ಪುಟಿಯುವುದೋ ಇಲ್ಲವೋ, ಚಿಪ್ಪು ಸಡಿಲಾಗಿದೆಯೋ ಎಂದೆಲ್ಲ ನೋಡತೊಡಗಿದರು. ದೀಪಾವಳಿಯ ಹೊತ್ತಿಗೆ ಒಂದು ಭಾನುವಾರ ಎಲೆಯ ಮೇಲೆ ಬಗ್ಗಿದವರು ತಲೆ ಎತ್ತಿ, ಇದು ನಿನ್ನೆಯದ್ದು ಎಂದುಬಿಟ್ಟರು. ಚೇಚಿಗೆ ಅವಮಾನವಾಯಿತು. ಈಗ ತಾನೇ ದೋಣಿಯಿಂದ ಇಳಿದದ್ದು ಎಂದು ಮೀನಿನವನು ಪುಣ್ಯಾಳನ, ಎಂದರೆ ಇಗರ್ಜಿಯ ಸಂತನ, ಆಣೆ ಹಾಕಿ ಕೊಟ್ಟದ್ದು. ಆಕೆ ಎಲೆ ಮಡಚಿ ಬುಟ್ಟಿಗೆ ಹಾಕಿ ನೇರ ಮಾರುಕಟ್ಟೆಗೆ ನಡೆದಳು. ಅಲ್ಲಿ ಏನು ನಡೆಯಿತೋ, ಬರುವಾಗ ಬುಟ್ಟಿಯಲ್ಲಿ ಬೇರೆ ಸಿಗಡಿ ಇತ್ತು, ಮುಖದಲ್ಲಿ ಯುದ್ಧ ಗೆದ್ದ ಕಳೆ ಇತ್ತು.

ಆ ಸುದ್ದಿ ಬೀದಿಗೆ ಹರಡಿತು. ಮುಂದಿನ ಭಾನುವಾರ ಗೋಡೆಯ ಆಚೆ ನಾಲ್ಕು ಹೆಂಗಸರು. ಅದರ ಮುಂದಿನ ವಾರ ಇನ್ನೂ ಹೆಚ್ಚು. ‘ಸಾರೇ, ಇದೊಂದು ನೋಡಿ’ ಎಂದು ಮತ್ತಿ, ಅಯಲೆ, ಕರಿಮೀನು ಎಲ್ಲ ಗೋಡೆ ಹತ್ತಿದವು. ತನ್ನ ಪಾಠ ಸಿಗಡಿಯದ್ದು ಮಾತ್ರ ಎಂದು ಇವರು ಹೇಳಿದರೆ ಕೇಳುವವರಾರು? ಮೀನಿನವನು ನಮ್ಮ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, ತಿನ್ನದ ಪೋಟ್ಟಿಗೆ ಮೀನಿನ ಗೊಡವೆ ಯಾಕೆ ಎಂದು ಕೂಗಿ ಹೋದ. ಪೋಟ್ಟಿ ಎಂದರೆ ಅಲ್ಲಿಯವರು ನಮ್ಮ ಕಡೆಯ ಬ್ರಾಹ್ಮಣರನ್ನು ಕರೆಯುವ ಮಾತು. ಕಾಗೆಗಳಿಗೂ ಸುದ್ದಿ ಮುಟ್ಟಿತು. ಇವರು ಪಂಚೆ ಎತ್ತಿಕಟ್ಟಿ ಗೋಡೆಯ ಹತ್ತಿರ ಹೋದರೆ ಸಾಕು, ಪಾಲಾರಿವಟ್ಟಂನ ಕಾಗೆಗಳೆಲ್ಲ ಸುತ್ತಲಿನ ತೆಂಗಿನ ಮರಗಳಲ್ಲಿ ಕೂತು ಕಾಯುತ್ತಿದ್ದವು. ಕೆಟ್ಟದ್ದು ಎಂದು ಇವರು ಪಕ್ಕಕ್ಕಿಟ್ಟದ್ದೆಲ್ಲ ಅವುಗಳ ಪಾಲು.

ತರಗತಿಯಲ್ಲಿ ಈಗ ಇವರ ದರ್ಜೆ ತಪ್ಪುತ್ತಿರಲಿಲ್ಲ. ಬಂದರಿನ ಕೀಲಿಕೈ ವಾಪಸು ಕೊಡಿ ಎಂದು ಪೌಲೋಸ್ ಮಾಷ್ ಕೈಚಾಚಿದರಂತೆ. ಆದರೆ ಬಾಯಿಯ ಪರೀಕ್ಷೆ ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಮೂಗಿನಷ್ಟೇ ಅಂಕ. ಅದರಲ್ಲಿ ಹೋದರೆ ಎಲ್ಲ ಹೋದ ಹಾಗೆ.

ಎಪ್ಪತ್ತರ ಮಾರ್ಚಿನಲ್ಲಿ ನಾನೂ ಜೊತೆಗೆ ಹೊರಟೆ. ರತ್ನಳನ್ನು ಚೇಚಿಯ ವಶಕ್ಕೆ ಬಿಟ್ಟು, ಚಪಾತಿ ಕಟ್ಟಿಕೊಂಡು, ಎರ್ನಾಕುಳಂನಲ್ಲಿ ರೈಲು ಹತ್ತಿದೆವು. ಕಿಟಕಿಯ ಹೊರಗೆ ಗದ್ದೆ, ಹಿನ್ನೀರಿನ ಕಾಯಲು, ದೋಣಿ ಎಲ್ಲ ಹಿಂದೆ ಓಡುತ್ತಿದ್ದರೆ ಇವರು ಏನನ್ನೂ ನೋಡದೆ ಪುಸ್ತಕ ಹಿಡಿದು ತುಟಿ ಆಡಿಸುತ್ತಿದ್ದರು. ತಿರುವನಂತಪುರದ ತಂಪಾನೂರಿನಲ್ಲಿ ಇಳಿದು, ಸ್ಟೇಷನ್ನಿನ ಎದುರಿನ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಸಂಜೆಯ ಬೆಳಕು ಇನ್ನೂ ಇತ್ತು. ಕೆಳಗೆ ಬಸ್ಸುಗಳ ಗಲಾಟೆ. ಇವರು ಮಂಚದ ತುದಿಯಲ್ಲಿ ಕೂತು ಪುಸ್ತಕ ಮುಚ್ಚಿದರು.

“ಮೂಗಿನದ್ದು ಸರಿ ಆಗ್ತದೆ ಶಂಕರಿ. ಬಾಯಿಯದ್ದು ನನ್ನಿಂದ ಆಗುದಿಲ್ಲ” ಎಂದರು. “ಅಪ್ಪನ ತಿಥಿ ಮಾಡುವ ಬಾಯಿ ಇದು.”

ಇವರು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ. ನನಗೆ ಪಾಪ ಅನ್ನಿಸಿತು, ಜೊತೆಗೆ ಸಿಟ್ಟೂ ಬಂತು. ಎರಡು ವರ್ಷ ಬಾವಿಕಟ್ಟೆಯಲ್ಲಿ ಇವರ ಬಟ್ಟೆ ಒಗೆದವಳು ನಾನು.

“ಮಾವನವರು ನಿಮಗೆ ಓದು ಅಂತ ಹೇಳಿದ್ದಾ, ಓದಬೇಡ ಅಂತ ಹೇಳಿದ್ದಾ?” ಎಂದು ಕೇಳಿದೆ.

“ಓದು ಅಂತ.”

“ಹಾಗಾದ್ರೆ ಇದು ಓದಿನ ಬಾಬ್ತು, ಊಟದ್ದಲ್ಲ. ಬಾಯಿಗೆ ಹಾಕಿ, ರುಚಿ ನೋಡಿ, ಉಗುಳಿ, ಬಾಯಿ ಮುಕ್ಕಳಿಸಿ ಬನ್ನಿ. ದೇವರ ಹತ್ರ ನಾನು ಮಾತಾಡ್ತೇನೆ. ಮಾವನವರ ಹತ್ರವೂ ನಾನೇ ಮಾತಾಡ್ತೇನೆ. ನೀವು ಬರೆಯುದನ್ನು ಬರೀರಿ.”

ಇವರು ಚಪಾತಿ ಕೇಳಿದರು. ಅದೇ ಒಪ್ಪಿಗೆ ಎಂದುಕೊಂಡೆ.

ಮರುದಿನ ಪರೀಕ್ಷೆ ನಡೆಯುವ ಕಾಲೇಜಿನ ಹೊರಗೆ ಮಳೆಮರದ ಕೆಳಗೆ ಕಾದು ಕೂತೆ. ಮಧ್ಯಾಹ್ನ ಕಳೆದು ಇವರು ಹೊರಗೆ ಬಂದರು. ನೇರ ನಳ್ಳಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು, ಮುಖ ತೊಳೆದು ಬಂದು ನನ್ನ ಎದುರು ನಿಂತರು. ಆಗಿ ಹೋಯಿತಾ ಎಂದು ಕೇಳಿದೆ. ಆಯಿತು ಎಂದರು. ಮುಖ ನೋಡಿದರೆ ಸಂತೋಷವೂ ಅಲ್ಲ, ದುಃಖವೂ ಅಲ್ಲ. ಎಂತ ಆಯಿತು ಎಂದು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಬಾಯಿ ಬಿಟ್ಟರು.

ನಾಲ್ಕು ತಟ್ಟೆಯದ್ದು ಕ್ರಮದಂತೆ ಬಾಯಿಗೆ ಹಾಕಿ, ಬೋಗುಣಿಗೆ ಉಗುಳಿ, ಬರೆದಾಯಿತು. ಐದನೆಯದು ಬಾಯಲ್ಲಿರುವಾಗ ಮದ್ರಾಸಿನಿಂದ ಬಂದ ಪರೀಕ್ಷಕರು ಎದುರಿಗೇ ಬಂದು ನಿಂತರು. ನರೆತ ಕೂದಲು, ಹಣೆಯಲ್ಲಿ ವಿಭೂತಿ, ನೋಡಿದರೆ ನಮಸ್ಕಾರ ಮಾಡಬೇಕು ಅನ್ನಿಸುವ ಹಿರಿಯರು. ಅವರು ಇವರ ಊರು ಯಾವುದು ಎಂದು ಕೇಳಿದರು. ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದೆ ಇರಬಾರದು. ಬಾಯಲ್ಲಿ ಇಟ್ಟುಕೊಂಡು ಮಾತಾಡಬಾರದು. ಅಂಥವರ ಮುಖದ ಮುಂದೆ ಉಗುಳುವುದಂತೂ ಸಾಧ್ಯವೇ ಇಲ್ಲ.

“ಮತ್ತೆ?” ಎಂದೆ.

“ನುಂಗಿದೆ” ಎಂದರು. “ನುಂಗಿ, ಕುಂಬಳೆ ಅಂತ ಹೇಳಿದೆ.”

ನಾನು ಮರಕ್ಕೆ ಒರಗಿದೆ. ಈ ಮನುಷ್ಯನಿಗೆ ಅವರಮ್ಮ ಇಷ್ಟು ಒಳ್ಳೆಯ ನಡತೆ ಯಾಕೆ ಕಲಿಸಬೇಕಿತ್ತು? ಹೇಗಿತ್ತು ಎಂದು ಕೇಳಿದೆ. ಇವರು ಪರೀಕ್ಷೆಯ ಕೋಣೆಯಲ್ಲೇ ಇನ್ನೂ ಇದ್ದವರ ಹಾಗೆ ಸ್ವಲ್ಪ ಯೋಚಿಸಿದರು.

“ತಾಜಾ ಇತ್ತು. ಉಪ್ಪು ಸ್ವಲ್ಪ ಕಮ್ಮಿ.”

ನನಗೆ ನಗು ಬಂತು. ಒಮ್ಮೆ ಬಂದ ಮೇಲೆ ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಇವರು ಮೊದಲು ಗಾಬರಿಯಾಗಿ, ಆಮೇಲೆ ತಾವೂ ನಗತೊಡಗಿದರು. ಮದುವೆಯಾದ ಮೇಲೆ ಒಟ್ಟಿಗೆ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಸಂಜೆ ಅನಂತಪದ್ಮನಾಭನ ದೇವಸ್ಥಾನಕ್ಕೆ ಹೋದೆ. ಕೊಟ್ಟ ಮಾತು ಉಳಿಸಬೇಕಲ್ಲ. ಅಲ್ಲಿ ದೇವರು ಮಲಗಿದ್ದಾನೆ. ಒಂದು ಬಾಗಿಲಿನಲ್ಲಿ ಮುಖ ಕಾಣುತ್ತದೆ, ನಡುವಿನದರಲ್ಲಿ ನಾಭಿ, ಕೊನೆಯದರಲ್ಲಿ ಪಾದ. ಮೊದಲ ಬಾಗಿಲಿನಲ್ಲಿ ನಿಂತು ಬಾಯಿಗೆ ಹಾಕಿದ್ದರ ವಿಷಯ ಹೇಳಿದೆ. ನಡುವಿನ ಬಾಗಿಲಿನಲ್ಲಿ ಇವರು ಎಷ್ಟು ಕಷ್ಟಪಟ್ಟು ಓದಿದ್ದಾರೆ ಎಂದು ಹೇಳಿದೆ. ನುಂಗಿದ ವಿಷಯವನ್ನು ಮುಖ ನೋಡಿ ಹೇಳಲು ಧೈರ್ಯವಾಗದೆ, ಪಾದದ ಬಾಗಿಲಿನಲ್ಲಿ ಮೆಲ್ಲ ಹೇಳಿ ಮುಗಿಸಿದೆ. ಆತ ಎದ್ದು ಕೂರಲಿಲ್ಲ. ಅಷ್ಟರಿಂದ ಅವನಿಗೆ ವಿರೋಧವಿಲ್ಲ ಎಂದು ತಿಳಿದುಕೊಂಡೆ.

ಏಪ್ರಿಲ್ ಕೊನೆಗೆ ಫಲಿತಾಂಶ ಬಂತು. ಇವರು ಪಾಸು. ಮೊದಲು ತಪಾಸಣೆಯ ಸಹಾಯಕರಾದರು, ಮೂರು ವರ್ಷಕ್ಕೆ ಇನ್‌ಸ್ಪೆಕ್ಟರಾದರು. ಈಗ ಬೇರೆ ಯಾರೋ ಟೈಪು ಮಾಡುತ್ತಾರೆ, ಇವರು ನೋಡಿ, ಮೂಸಿ, ಸಹಿ ಹಾಕುತ್ತಾರೆ. ಪೌಲೋಸ್ ಮಾಷ್ ನಿವೃತ್ತರಾದ ಮೇಲೆ ಅದೇ ಸಂಜೆ ತರಗತಿಯಲ್ಲಿ ಪ್ರಾಯೋಗಿಕ ಪಾಠಕ್ಕೆ ಇವರನ್ನೇ ಕರೆದಿದ್ದಾರೆ. ಗುಮಾಸ್ತರು, ಸ್ಟೋರಿನವರು, ಐಸ್ ಕಾರ್ಖಾನೆಯ ಮೇಸ್ತ್ರಿಗಳು, ಹೆಂಡತಿ ಮಕ್ಕಳು ಇರುವ ದೊಡ್ಡ ದೊಡ್ಡ ವಿದ್ಯಾರ್ಥಿಗಳು ಬಂದು ಬೆಂಚಿನಲ್ಲಿ ಮುದುಡಿ ಕೂರುತ್ತಾರೆ. ಅವರಿಗೆ ಇವರ ಮೊದಲ ಪಾಠ ಒಂದೇ: ಬಾಯಲ್ಲಿ ಇರುವಾಗ ಯಾರು ಮಾತಾಡಿಸಿದರೂ, ನಾನೇ ಮಾತಾಡಿಸಿದರೂ, ಮೊದಲು ಉಗುಳಿ. ಅದು ಯಾವ ಪುಸ್ತಕದಲ್ಲಿದೆ ಎಂದು ಅವರು ಹುಡುಕುತ್ತಾರಂತೆ.

ಇದೆಲ್ಲ ಸರಿಯೇ. ಆದರೆ ನನಗೆ ಆ ವಿದ್ಯೆಯ ಫಲ ಕಂಡದ್ದು ಆಫೀಸಿನಲ್ಲಲ್ಲ, ಫಲಿತಾಂಶ ಬಂದ ಮರುತಿಂಗಳು, ಮಾವನವರ ತಿಥಿಯ ದಿನ.

ಬೆಳಗಿನಿಂದ ಇವರು ಮಂಕಾಗಿದ್ದರು. ಪುರೋಹಿತರು ಹೇಳಿದ್ದನ್ನೆಲ್ಲ ಮಾಡಿದರು. ನಾನು ಎರಡು ಸಲ ಹತ್ತಿರ ಹೋಗಿ, ಮಾವನವರ ಹತ್ತಿರ ಮಾತಾಡಿ ಆಗಿದೆ ಎಂದು ಪಿಸುಗುಟ್ಟಿದೆ. ಕೇಳಿಸಿದರೂ ಕೇಳಿಸದ ಹಾಗೆ ಇದ್ದರು. ಕೊನೆಗೆ ಎಡೆಯ ಎಲೆ ಎರಡೂ ಕೈಯಲ್ಲಿ ಹಿಡಿದು, ಹೆದರಿದವರ ಹಾಗೆ ನಡೆದು, ಆ ಗೋಡೆಯ ಹತ್ತಿರ ಹೋದರು.

ಎಲೆ ಗೋಡೆಗೆ ತಾಗಿತೋ ಇಲ್ಲವೋ, ತೆಂಗಿನ ಮರದಿಂದ ಒಂದು ಕಾಗೆ ಸುಂಯ್ ಎಂದು ಇಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಲೆಕ್ಕವಿಲ್ಲ. ಇವರು ಕೈಮುಗಿಯುವುದಕ್ಕೂ ಪುರುಸೊತ್ತು ಕೊಡದೆ ಎಲೆಯನ್ನು ಮುತ್ತಿಕೊಂಡವು. ಪುರೋಹಿತರು ತಮ್ಮ ಆಯುಷ್ಯದಲ್ಲಿ ಇಷ್ಟು ಸಂತೋಷಪಟ್ಟ ಪಿತೃಗಳನ್ನು ನೋಡಿಲ್ಲ ಎಂದರು. ಇವರು ತಿರುಗಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು.

“ಅಪ್ಪನಿಗೆ ಗೊತ್ತಾಯ್ತು” ಎಂದರು. “ಈ ಸಲ ಪಾಸಾದದ್ದು ಗೊತ್ತಾಯ್ತು.”

ನನ್ನ ಪಕ್ಕದಲ್ಲಿದ್ದ ರತ್ನ ಬಾಯಿ ತೆರೆದಳು. ಆ ಗೋಡೆಯೂ ಆ ಕಾಗೆಗಳೂ ಪ್ರತಿ ಭಾನುವಾರದ ಸಿಗಡಿಯೂ ಅವಳಿಗೆ ಚೆನ್ನಾಗಿ ಗೊತ್ತು. ಮಲಯಾಳದಲ್ಲಿ ಮೊದಲ ಅಕ್ಷರ ಹೊರಡುವ ಮೊದಲೇ ಅವಳ ಬಾಯಿಗೆ ಒಂದು ವಡೆ ತುರುಕಿದೆ. ಹೌದು, ಗೊತ್ತಾಯ್ತು ಎಂದು ಇವರಿಗೆ ಹೇಳಿ, ಎಲೆ ಹಾಕಲು ಒಳಗೆ ಹೋದೆ.